ಇಂಡೋನೇಷ್ಯಾದ ಥ್ರಿಲ್ಲರ್ ಬೇಕಾ? ಮಾರ್ಲಿನಾಳಿಂದ ಶುರು ಮಾಡಿ

'ದಿ ರೇಡ್' ಇಷ್ಟವಾಯಿತು, ಅದೇ ದೇಶದ ಬೇರೆ ಥ್ರಿಲ್ಲರ್, ಸಸ್ಪೆನ್ಸ್ ಸಿನಿಮಾ ಯಾವುದಿದೆ ಎಂದು ಕೇಳಿದ್ದೀರಿ. ಹೊಡೆದಾಟ ಕಡಿಮೆ ಇದ್ದರೂ ಪರವಾಗಿಲ್ಲ ಎಂದೂ ಸೇರಿಸಿದ್ದೀರಿ. ಆ ಕೊನೆಯ ಮಾತು ನೋಡಿಯೇ ನಾನು ಉತ್ತರ ಬರೆಯಲು ಕೂತಿದ್ದು.

ಏಕೆಂದರೆ 2011ರ 'ದಿ ರೇಡ್' ಬಗ್ಗೆ ಎಲ್ಲರೂ ಹೇಳುತ್ತಾರೆ. ನಿರ್ದೇಶಕ ಗ್ಯಾರೆತ್ ಎವನ್ಸ್ ವೇಲ್ಸ್‌ನವರು. ಪೆಂಚಕ್ ಸಿಲತ್ ಎಂಬ ಇಂಡೋನೇಷ್ಯಾದ ಸಮರಕಲೆಯ ಮೇಲೆ ಡಾಕ್ಯುಮೆಂಟರಿ ಮಾಡುವಾಗ ಅವರಿಗೆ ಈ ಸಿನಿಮಾದ ನಾಯಕ ನಟ ಇಕೊ ಉವೈಸ್ ಸಿಕ್ಕಿದ್ದು. ಅದು ಸೂಪರ್ ಸಿನಿಮಾ, ಅನುಮಾನವೇ ಇಲ್ಲ. ಆದರೆ ಅದನ್ನೇ ಅಳತೆಗೋಲು ಮಾಡಿಕೊಂಡು ಹುಡುಕಿದರೆ ಸಿಗುವುದು ಬರೀ ರಕ್ತ. 2018ರ 'ದಿ ನೈಟ್ ಕಮ್ಸ್ ಫಾರ್ ಅಸ್' ಅನ್ನು ನಾನು ರಾತ್ರಿ ಊಟದ ತಟ್ಟೆ ಹಿಡಿದು ನೋಡಲು ಕೂತೆ. ಹತ್ತು ನಿಮಿಷಕ್ಕೆ ತಟ್ಟೆ ಒಳಗೆ ಹೋಯಿತು. ಗಟ್ಟಿ ಹೊಟ್ಟೆ ಇದ್ದರೆ ನೋಡಿ, ನೆಟ್‌ಫ್ಲಿಕ್ಸ್‌ನದೇ ಸಿನಿಮಾ.

ನನಗೆ ಅಲ್ಲಿನ ಸಿನಿಮಾಗಳಲ್ಲಿ ಹಿಡಿಸಿದ್ದು ಬೇರೆ. ಕೊಲೆ ಮಾಡಿದ್ದು ಯಾರು ಅನ್ನುವುದು ಅಲ್ಲಿ ದೊಡ್ಡ ಗುಟ್ಟೇ ಅಲ್ಲ, ಎಷ್ಟೋ ಸಲ ಅದು ನಮಗೆ ಮೊದಲೇ ಗೊತ್ತಿರುತ್ತದೆ. ಗೊತ್ತಾದ ಮೇಲೆ ಯಾರ ಹತ್ತಿರ ಹೋಗಿ ಹೇಳುವುದು? ಕೇಳುವವರು ಯಾರು? ಎದೆ ಢವಢವ ಅನ್ನುವುದು ಅಲ್ಲಿ. ಸುಹಾರ್ತೊ ಎಂಬ ಸೇನಾಧಿಕಾರಿ 1998ರವರೆಗೆ ಮೂರು ದಶಕ ಆಳಿದ ದೇಶ ಅದು. ಆ ಭಯ ಕತೆಗಳ ಒಳಗೆ ಇಳಿದಿದೆ ಅನ್ನಿಸುತ್ತದೆ.

ಮೊದಲು 2017ರ 'ಮಾರ್ಲಿನಾ ದಿ ಮರ್ಡರರ್ ಇನ್ ಫೋರ್ ಆಕ್ಟ್ಸ್' ನೋಡಿ. ನಿರ್ದೇಶಕಿ ಮೌಲಿ ಸೂರ್ಯ. ಕತೆ ನಡೆಯುವುದು ಸುಂಬಾ ದ್ವೀಪದಲ್ಲಿ. ಇಂಡೋನೇಷ್ಯಾ ಅಂದರೆ ಹಸಿರು ಗದ್ದೆ, ತೆಂಗಿನ ತೋಟ ಎಂದುಕೊಂಡಿದ್ದರೆ ಮರೆತುಬಿಡಿ. ಇಲ್ಲಿ ಒಣ ಹುಲ್ಲಿನ ಬೋಳು ಗುಡ್ಡಗಳು, ಸುಡು ಬಿಸಿಲು. ಗುಡ್ಡದ ಮೇಲೆ ಒಂಟಿ ಮನೆ, ಒಳಗೆ ವಿಧವೆ ಮಾರ್ಲಿನಾ. ಮೂಲೆಯಲ್ಲಿ ಅವಳ ಗಂಡ ಕೂತಿದ್ದಾನೆ, ಹೆಣವಾಗಿ, ಬಟ್ಟೆ ಸುತ್ತಿಕೊಂಡು. ಆ ದ್ವೀಪದಲ್ಲಿ ಶವಸಂಸ್ಕಾರಕ್ಕೆ ದನ, ಎಮ್ಮೆ ಅಂತ ಭಾರೀ ಖರ್ಚು ಬರುತ್ತದೆ. ದುಡ್ಡು ಹೊಂದುವ ತನಕ ಹೆಣವನ್ನು ಮನೆಯಲ್ಲೇ ಇಟ್ಟುಕೊಳ್ಳುವುದುಂಟು.

ಅಲ್ಲಿಗೆ ಒಬ್ಬ ಬರುತ್ತಾನೆ. ನನ್ನ ಗೆಳೆಯರೂ ಬರುತ್ತಿದ್ದಾರೆ, ನಿನ್ನ ದನಕರು ಒಯ್ಯುತ್ತೇವೆ, ಆಮೇಲೆ ನಿನ್ನನ್ನೂ ಬಿಡುವುದಿಲ್ಲ, ಈಗ ಊಟಕ್ಕೆ ಮಾಡು ಎನ್ನುತ್ತಾನೆ. ದನಿ ಏರಿಸುವುದೇ ಇಲ್ಲ, ನೆಂಟ ಮಾತಾಡಿದ ಹಾಗೆ. ಅವಳು ಕೋಳಿ ಸಾರು ಮಾಡುತ್ತಾಳೆ. ಮುಂದಿನದು ಹೆಸರಿನಲ್ಲೇ ಇದೆ. ಮರುದಿನ ಅವನ ತಲೆ ಹಿಡಿದುಕೊಂಡು ಪೊಲೀಸ್ ಠಾಣೆಗೆ ಹೊರಡುತ್ತಾಳೆ. ಠಾಣೆಯಲ್ಲಿ ಪೊಲೀಸರು ಟೇಬಲ್ ಟೆನಿಸ್ ಆಡುತ್ತಿರುತ್ತಾರೆ! ಆಟ ಮುಗಿಯುವವರೆಗೆ ಅವಳು ಕಾಯಬೇಕು. ಇಡೀ ಸಿನಿಮಾದಲ್ಲಿ ನನಗೆ ಜಾಸ್ತಿ ಸಿಟ್ಟು ಬಂದದ್ದು ಅಲ್ಲಿ, ದರೋಡೆಕೋರರ ಮೇಲೂ ಅಷ್ಟು ಬರಲಿಲ್ಲ. ತಲೆಯಿಲ್ಲದ ಆ ಮುಂಡ ತಂತಿವಾದ್ಯ ನುಡಿಸುತ್ತಾ ಅವಳ ಹಿಂದೆ ಬರುವ ದೃಶ್ಯಗಳಿವೆ. ನಗಬೇಕೋ ಹೆದರಬೇಕೋ ಗೊತ್ತಾಗುವುದಿಲ್ಲ. ಅತ್ಯಾಚಾರದ ದೃಶ್ಯವಿದೆ, ಮನೆಯವರ ಜೊತೆ ಕೂರುವ ಮೊದಲು ಗಮನದಲ್ಲಿರಲಿ.

ಎರಡನೆಯದು 2021ರ 'ಫೋಟೋಕಾಪಿಯರ್', ಇದೂ ನೆಟ್‌ಫ್ಲಿಕ್ಸ್‌ನಲ್ಲಿ ಬಂದಿದ್ದು. ನಿರ್ದೇಶಕರ ಹೆಸರು ರೇಗಸ್ ಭಾನುತೇಜ, ನಮ್ಮ ಪಕ್ಕದ ಮನೆಯ ಹುಡುಗನ ಹೆಸರಿನ ಹಾಗಿದೆ ಅಲ್ವಾ? ಕಾಲೇಜು ಹುಡುಗಿ ಸೂರ್ ಒಂದು ಪಾರ್ಟಿಗೆ ಹೋಗುತ್ತಾಳೆ. ಬೆಳಗ್ಗೆ ಎದ್ದರೆ ಏನೂ ನೆನಪಿಲ್ಲ, ಕುಡಿದು ತೆಗೆದ ಸೆಲ್ಫಿಗಳು ಮಾತ್ರ ಆನ್‌ಲೈನ್‌ನಲ್ಲಿ ಇವೆ. ಸ್ಕಾಲರ್‌ಶಿಪ್ ಹೋಯಿತು, ಮನೆಯೂ ತಪ್ಪಿತು. ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಗೆಳೆಯನ ಹತ್ತಿರ ಉಳಿದುಕೊಂಡು, ಪ್ರಿಂಟ್ ತೆಗೆಸಲು ಬಂದವರ ಫೋನಿನಿಂದ ಮಾಹಿತಿ ಕದ್ದು, ಆ ರಾತ್ರಿ ಏನಾಯಿತು ಎಂದು ತಾನೇ ಹುಡುಕುತ್ತಾಳೆ. ಪತ್ತೇದಾರಿಗೆ ಜೆರಾಕ್ಸ್ ಅಂಗಡಿಗಿಂತ ಒಳ್ಳೆಯ ಜಾಗ ಬೇರೆ ಬೇಕಾ? ನಡುನಡುವೆ ಡೆಂಗಿ ಸೊಳ್ಳೆಗೆ ಬಿಡುವ ಹೊಗೆ ತೆರೆಯ ತುಂಬಾ ಆವರಿಸುತ್ತದೆ. ಮೊದಲ ಸಲ ಸುಮ್ನೆ ವಾತಾವರಣಕ್ಕೆ ಹಾಕಿದ್ದಾರೆ ಎಂದುಕೊಂಡಿದ್ದೆ. ಅಲ್ಲ, ಕಾದು ನೋಡಿ. ಅಲ್ಲಿನ ರಾಷ್ಟ್ರೀಯ ಸಿನಿಮಾ ಪ್ರಶಸ್ತಿಯ ಹೆಸರು 'ಚಿತ್ರಾ'. ಅದರಲ್ಲಿ ಈ ಸಿನಿಮಾಕ್ಕೆ ಒಂದೇ ವರ್ಷ 12 ಬಂದವು. ಕೊನೆಯ ಅರ್ಧ ಗಂಟೆ ಸ್ವಲ್ಪ ನಾಟಕದಂತೆ ಅನ್ನಿಸಿತು ನನಗೆ, ಆದರೂ ಬಿಡಬೇಡಿ.

ಮೂರನೆಯದು ಮಕ್ಬುಲ್ ಮುಬಾರಕ್ ಅವರ 2022ರ 'ಆಟೋಬಯಾಗ್ರಫಿ'. ನಿವೃತ್ತ ಜನರಲ್ ಊರಿಗೆ ಬಂದು ಚುನಾವಣೆಗೆ ನಿಲ್ಲುತ್ತಾನೆ. ಮನೆ ನೋಡಿಕೊಳ್ಳುವ ಹುಡುಗ ರಾಕಿಬ್‌ನ ಅಪ್ಪ ಜೈಲಿನಲ್ಲಿದ್ದಾನೆ. ಜನರಲ್ ಹುಡುಗನನ್ನು ಮಗನಂತೆ ನೋಡಿಕೊಳ್ಳುತ್ತಾನೆ, ತನ್ನ ಅಂಗಿ ಕೊಡುತ್ತಾನೆ, ಚೆಸ್ ಆಡುತ್ತಾನೆ. ಆಮೇಲೆ ಯಾರೋ ಜನರಲ್‌ನ ಪ್ರಚಾರದ ಬ್ಯಾನರ್ ಹರಿಯುತ್ತಾರೆ. ಅಷ್ಟೇ ಹೇಳುತ್ತೇನೆ. ಪ್ರೀತಿಯಿಂದ ಹೆಗಲ ಮೇಲೆ ಇಟ್ಟ ಕೈ ಎಷ್ಟು ಹೆದರಿಸಬಹುದು ಎಂದು ನನಗೆ ಗೊತ್ತಾಗಿದ್ದು ಈ ಸಿನಿಮಾದಲ್ಲಿ. ನಿಧಾನವಾಗಿ ಸಾಗುತ್ತದೆ, ಫೋನ್ ಪಕ್ಕಕ್ಕಿಟ್ಟು ನೋಡಿ.

ಇನ್ನು ನಿರ್ದೇಶಕ ಜೋಕೊ ಅನ್ವರ್. ಇವರ ದೆವ್ವದ ಸಿನಿಮಾಗಳೇ ಹೆಚ್ಚು ಹೆಸರುವಾಸಿ. ನೀವು ಕೇಳಿದ ಜಾತಿಯದು ಬೇಕಾದರೆ 2009ರ 'ದಿ ಫರ್ಬಿಡನ್ ಡೋರ್' ಹುಡುಕಿ. ಒಬ್ಬ ಶಿಲ್ಪಿ, ಮನೆಯಲ್ಲೊಂದು ತೆರೆಯಬಾರದ ಬಾಗಿಲು. 2007ರ 'ಕಾಲ' ಕೂಡ ಚೆನ್ನಾಗಿದೆ, ಅದರ ಪತ್ರಕರ್ತನಿಗೆ ಒತ್ತಡವಾದಾಗ ಇದ್ದಲ್ಲೇ ನಿದ್ದೆ ಬಂದುಬಿಡುವ ಕಾಯಿಲೆ. ಬಸ್ ಪ್ರಯಾಣದ ಕತೆ ಇಷ್ಟವಾದರೆ 2017ರ 'ನೈಟ್ ಬಸ್' ಇದೆ.

ಒಂದು ಮಾತು: ಇಂಗ್ಲಿಷ್ ಡಬ್ಬಿಂಗ್ ಹಾಕಬೇಡಿ. ಮೂಲ ಭಾಷೆಯಲ್ಲೇ ಸಬ್‌ಟೈಟಲ್ ಇಟ್ಟುಕೊಂಡು ನೋಡಿ, ನಡುವೆ ನಮ್ಮ ಮಾತುಗಳು ಕಿವಿಗೆ ಬೀಳುತ್ತವೆ. 'ಸುಆಮಿ' ಅಂದರೆ ಗಂಡ. 'ಇಸ್ತ್ರಿ' ಅಂದರೆ ಹೆಂಡತಿ, ಬಟ್ಟೆಗೆ ಹಾಕುವುದಲ್ಲ. 'ಫೋಟೋಕಾಪಿಯರ್'ನ ಮೂಲ ಹೆಸರಿನಲ್ಲಿರುವ 'ಚಹಾಯ' ನಮ್ಮ ಛಾಯೆಯೇ, ಆದರೆ ಅಲ್ಲಿ ಅದರ ಅರ್ಥ ಬೆಳಕು! ತಲೆಗೆ ಅವರು 'ಕೆಪಾಲ' ಎನ್ನುತ್ತಾರೆ. ಮಾರ್ಲಿನಾ ಆ ಬಿಸಿಲಲ್ಲಿ ಹೊತ್ತು ನಡೆದದ್ದು ಏನು ಎಂದು ನಿಮಗೆ ಸಬ್‌ಟೈಟಲ್ ಇಲ್ಲದೆಯೂ ಗೊತ್ತಾಗುತ್ತದೆ.