ಕತ್ತರಿ ಹಿಡಿದ ಕೈಗೆ ಎಷ್ಟು ಕೊಡಬೇಕು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಲ್ಲಿ ಕಟಿಂಗ್ ಮಾಡಿದ ಹುಡುಗನಿಗೆ ಐವತ್ತು ರೂಪಾಯಿ ಟಿಪ್ಸ್ ಕೊಡುವುದು ನನ್ನ ರೂಢಿ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಗೆ ಊರಿಗೆ ಬಂದಾಗ, ಚಿಕ್ಕಂದಿನಿಂದ ಹೋಗುತ್ತಿರುವ ಗೋಣಿಕೊಪ್ಪದ ಅಂಗಡಿಯಲ್ಲೂ ಹಾಗೆಯೇ ಕೊಟ್ಟೆ. ಅಂಗಡಿಯ ಅಣ್ಣ ನೋಟನ್ನು ನನ್ನ ಜೇಬಿಗೇ ತುರುಕಿ, "ಅಪ್ಪ ಹೇಗಿದ್ದಾರೆ?" ಎಂದು ಮಾತು ತಿರುಗಿಸಿದರು. ನನ್ನಿಂದ ತಪ್ಪಾಯಿತೇ?

ಉತ್ತರ: ತಪ್ಪೇನಿಲ್ಲ. ಆದರೆ ಅವರು ಯಾಕೆ ತೆಗೆದುಕೊಳ್ಳಲಿಲ್ಲ ಎಂಬುದನ್ನು ತಿಳಿದುಕೊಳ್ಳಿ. ಅಂಗಡಿ ಅವರದು. ದರ ನಿಗದಿ ಮಾಡಿದವರೂ ಅವರೇ. ನಿಮ್ಮ ತಲೆಯನ್ನು ಮಗುವಾಗಿದ್ದಾಗಿನಿಂದ ಬಲ್ಲ ಹಿರಿಯರಿಗೆ ನೀವು ಮೇಲಿಂದ ಐವತ್ತು ಕೊಟ್ಟರೆ, ಅಷ್ಟು ವರ್ಷದ ಒಡನಾಟಕ್ಕೆ ಲೆಕ್ಕ ಚುಕ್ತಾ ಮಾಡಿದಂತೆ ಅವರಿಗೆ ಕಂಡಿರಬಹುದು. ಅಂಥವರಿಗೆ ಚಿಲ್ಲರೆ ಬಿಟ್ಟು ಬರುವುದಷ್ಟೇ ಸಾಕು. ಮನಸ್ಸು ಕೇಳದಿದ್ದರೆ ಆಯುಧಪೂಜೆಗೆ ಹೋಗಿ. ಕತ್ತರಿ, ಬಾಚಣಿಗೆಗಳಿಗೆ ಹೂವಿಟ್ಟು ಪೂಜೆ ಮಾಡುವ ದಿನ ಕೊಟ್ಟ ಹಣವನ್ನು ಅವರು ಬೇಡ ಎನ್ನುವುದು ಕಡಿಮೆ. ಮನೆಯ ಕಾಫಿಪುಡಿಯೋ ತೋಟದ ಕಿತ್ತಳೆಯೋ ಆದರೆ ಇನ್ನೂ ಒಳ್ಳೆಯದು. ಹಿಂದೆ ನಮ್ಮ ನಾಡಿನ ಅನೇಕ ಹಳ್ಳಿಗಳಲ್ಲಿ ಕ್ಷೌರಿಕರಿಗೆ ಸುಗ್ಗಿಯಲ್ಲಿ ಆಯದ ರೂಪದಲ್ಲಿ ಧಾನ್ಯ ಸಲ್ಲುತ್ತಿತ್ತು. ಅದು ಕೆಲಸಕ್ಕೆ ಸಲ್ಲಬೇಕಾದ ಪಾಲಾಗಿತ್ತೇ ಹೊರತು ಭಕ್ಷೀಸಾಗಿರಲಿಲ್ಲ.

ಅದೇ ಅಂಗಡಿಯ ಎರಡನೆಯ ಕುರ್ಚಿಯಲ್ಲಿ ಕೆಲಸ ಮಾಡುವ ಹುಡುಗನ ವಿಷಯವೇ ಬೇರೆ. ಎಷ್ಟೋ ಕಡೆ ಅಂಥವರಿಗೆ ಸಿಗುವುದು ತಾವು ಮಾಡಿದ ಕೆಲಸದ ಹಣದಲ್ಲಿ ಒಂದು ಪಾಲು. ಇಲ್ಲವೇ ಸಣ್ಣ ಸಂಬಳ. ನನ್ನನ್ನು ಕೇಳಿದರೆ ಭಕ್ಷೀಸು ಸಲ್ಲಬೇಕಾದದ್ದು ಆ ಕೈಗೆ. ಬಿಲ್ಲಿನ ಹತ್ತರಲ್ಲಿ ಒಂದು ಭಾಗ ಧಾರಾಳವಾಯಿತು. ಸಣ್ಣ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿ ಕೊಟ್ಟರೂ ಕಡಿಮೆಯಲ್ಲ. ಕಟಿಂಗ್ ಮುಗಿದ ಮೇಲೆ ಕೇಳದೆಯೇ ತಲೆ, ಕತ್ತು ತಿಕ್ಕಿ ಮಸಾಜ್ ಮಾಡಿದರೆ ಇನ್ನಷ್ಟು ಸೇರಿಸಿ. ಅಮೆರಿಕದಲ್ಲಿ ಶೇಕಡ 15ರಿಂದ 20ರವರೆಗೆ ಕೊಡುವ ವಾಡಿಕೆ ಇದೆ, ಜಪಾನಿನಲ್ಲಿ ಕೊಡುವ ಪದ್ಧತಿಯೇ ಇಲ್ಲ. ಆ ಲೆಕ್ಕಗಳನ್ನು ಗೋಣಿಕೊಪ್ಪಕ್ಕೆ ಹೊತ್ತು ತರಬೇಕಾಗಿಲ್ಲ.

ಒಂದು ಎಚ್ಚರಿಕೆ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಸಾಮಾನ್ಯವಾಗಿ ಮಾಲೀಕರ ಖಾತೆಯದು. ಅದರಲ್ಲಿ ಭಕ್ಷೀಸನ್ನೂ ಸೇರಿಸಿ ಕಳಿಸಿದರೆ ಹುಡುಗನಿಗೆ ತಲುಪುತ್ತದೆಂಬ ಖಾತರಿಯಿಲ್ಲ. ಸಾಲದ್ದಕ್ಕೆ ಹಣ ಬಂದದ್ದನ್ನು ಸಾರುವ ಸೌಂಡ್‌ಬಾಕ್ಸ್ ಮೊತ್ತವನ್ನು ಅಂಗಡಿಗೆಲ್ಲ ಕೇಳುವಂತೆ ಕೂಗುತ್ತದೆ! ನಗದನ್ನು ಮಡಿಸಿ ಕೈಗೇ ಕೊಡಿ. ಕುರ್ಚಿಯ ಮೇಲೆ ಬಿಸಾಡಿ ಬರುವವರನ್ನು ಕಂಡಿದ್ದೇನೆ. ಹಾಗೆ ಕೊಡುವುದಕ್ಕಿಂತ ಕೊಡದಿರುವುದೇ ಮರ್ಯಾದೆ.

ಮಡಿಕೇರಿ, ಕುಶಾಲನಗರದ ಎಸಿ ಸಲೂನು, ಪಾರ್ಲರುಗಳಿಗೂ ಇದೇ ಮಾತು. "ಬಿಲ್ಲಿನಲ್ಲಿ ಜಿಎಸ್‌ಟಿ ಕೊಟ್ಟಾಯಿತಲ್ಲ" ಎಂದು ವಾದಿಸುವವರಿದ್ದಾರೆ. ಅದು ಸರ್ಕಾರದ ಬೊಕ್ಕಸಕ್ಕೆ ಹೋಗುವ ಹಣ. 2025ರ ಸೆಪ್ಟೆಂಬರ್ 22ರಿಂದ ಸಲೂನು ಸೇವೆಗಳ ಮೇಲಿನ ಈ ತೆರಿಗೆ ಶೇಕಡ 18ರಿಂದ 5ಕ್ಕೆ ಇಳಿದಿದೆ. ಉಳಿದದ್ದರಲ್ಲಿ ಸ್ವಲ್ಪವನ್ನು ಕೂದಲು ತೊಳೆದುಕೊಟ್ಟ ಹುಡುಗಿಗೂ ಕೊಡಬಹುದು. ಅವಳನ್ನು ಮರೆಯುವವರೇ ಹೆಚ್ಚು.

ಪ್ರಶ್ನೆ: ಹಾಸಿಗೆ ಹಿಡಿದಿರುವ ನಮ್ಮ ಅಜ್ಜನಿಗೆ ಶೇವಿಂಗ್ ಮಾಡಲು ಸೋಮವಾರಪೇಟೆಯಿಂದ ತೋಟದ ಮನೆಗೆ ಒಬ್ಬರು ಬರುತ್ತಾರೆ. ಅವರಿಗೆ ಅಂಗಡಿಯ ದರದ ಮೇಲೆ ಎಷ್ಟು ಕೊಡಬೇಕು?

ಉತ್ತರ: ಇಲ್ಲಿ ಭಕ್ಷೀಸಿನ ಮಾತೇ ಬರುವುದಿಲ್ಲ. ಅಂಗಡಿ ಬಿಟ್ಟು ಬಂದರೆ ಅಷ್ಟು ಹೊತ್ತು ಅವರ ಕುರ್ಚಿ ಖಾಲಿ. ಮಳೆಗಾಲದಲ್ಲಿ ತೋಟದ ದಾರಿ ಹೇಗಿರುತ್ತದೆಂದು ನಿಮಗೇ ಗೊತ್ತು. ಹಾಗಾಗಿ ಬರಹೇಳುವಾಗಲೇ ದರ ಕೇಳಿಕೊಳ್ಳಿ. ಹೋಗಿಬರುವ ಖರ್ಚನ್ನು ಬೇರೆಯಾಗಿ ಕೊಡಿ, ಚೌಕಾಸಿ ಬೇಡ. ಅನುಕೂಲವಿದ್ದರೆ ನಿಮ್ಮ ಗಾಡಿಯಲ್ಲೇ ಕರೆತಂದು ಬಿಟ್ಟು ಬನ್ನಿ. ಮಲಗಿದವರ ಗಡ್ಡ ತೆಗೆಯುವುದು ನಾಜೂಕಿನ ಕೆಲಸ, ಅವಸರ ಮಾಡಬೇಡಿ. ಮಂಗಳವಾರ ಅವರ ರಜೆಯಾಗಿದ್ದರೆ ಆ ದಿನ ಕರೆಯಬೇಡಿ. ಅವರಾಗಿಯೇ ಬರುತ್ತೇನೆಂದರೆ ಕಾಫಿ ತಿಂಡಿ ಮುಗಿಸಿಯೇ ಕಳಿಸಿ.