ಟೈಮ್‌ಶೇರ್ ಮೆಂಬರ್‌ಶಿಪ್: ಸಹಿ ಹಾಕುವ ಮುಂಚೆ ಈ ಲೆಕ್ಕ ನೋಡಿ

ಮಾಲ್‌ನಲ್ಲಿ ಲಕ್ಕಿ ಡ್ರಾ ಕೂಪನ್ ತುಂಬಿದ್ದಿರಿ, ಈಗ ಭಾನುವಾರ ಗಂಡ ಹೆಂಡತಿ ಇಬ್ಬರೂ ಬನ್ನಿ ಅಂತ ಫೋನ್ ಬಂದಿದೆ. ಟೈಮ್‌ಶೇರ್ ಅಂದರೇನು, ಅದರಲ್ಲಿ ಫಾರಿನ್ ರೆಸಾರ್ಟ್‌ಗೂ ಹೋಗಬಹುದು ಅನ್ನುವುದು ನಿಜವಾ ಅಂತ ಕೇಳಿದ್ದೀರಿ. ನಾನು 2012ರಲ್ಲಿ ಇಂಥದ್ದೇ ಒಂದು ಭಾನುವಾರ ಸಹಿ ಹಾಕಿ ಬಂದವನು.

ರೆಸಾರ್ಟಿನ ಒಂದು ರೂಮನ್ನು ವಾರದ ಲೆಕ್ಕದಲ್ಲಿ ಹಲವರಿಗೆ ಹಂಚಿ ಮಾರುವುದೇ ಟೈಮ್‌ಶೇರ್. ಅಮೆರಿಕದಲ್ಲಿ ಕೆಲವು ಕಡೆ ಆ ವಾರ ಆಸ್ತಿಯ ಹಾಗೆ ಹೆಸರಿಗೆ ನೋಂದಣಿಯೂ ಆಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ತಂಗುವ ಹಕ್ಕು ಮಾತ್ರ. ನನ್ನದು 25 ವರ್ಷ, ವರ್ಷಕ್ಕೆ 7 ರಾತ್ರಿ.

ಆ ದಿನ ಸೇಲ್ಸ್ ಹುಡುಗ ಬಿಳಿ ಹಾಳೆಯ ಮೇಲೆ ಹೋಟೆಲ್ ಬಾಡಿಗೆ ವರ್ಷ ವರ್ಷ ಹೇಗೆ ಏರುತ್ತದೆ ಅಂತ ಬರೆದು ತೋರಿಸಿದ. ಪಕ್ಕದ ಟೇಬಲ್‌ನಲ್ಲಿ ಯಾರೋ ಸೇರಿದರೆಂದು ಗಂಟೆ ಬಾರಿಸಿ ಚಪ್ಪಾಳೆ ತಟ್ಟಿದರು. ಮಗಳು ಬಲೂನ್ ಹಿಡಿದು ಖುಷಿಯಾಗಿದ್ದಳು. ಅವನು ಬರೆಯದೆ ಬಿಟ್ಟ ಲೆಕ್ಕ ಹೀಗಿದೆ: ನಾನು ಕಟ್ಟಿದ್ದು 3.5 ಲಕ್ಷ. 175 ರಾತ್ರಿಗೆ ಹಂಚಿದರೆ ರಾತ್ರಿಗೆ 2,000. ಅದರ ಮೇಲೆ ವರ್ಷಕ್ಕೆ 14,000 ನಿರ್ವಹಣಾ ಶುಲ್ಕ, ಅಂದರೆ ರಾತ್ರಿಗೆ ಇನ್ನೂ 2,000. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಅದು ಏರುತ್ತಲೇ ಹೋಗುತ್ತದೆ. ಊಟ ಬೇರೆ.

ಇನ್ನು ಬುಕಿಂಗ್. ಶಾಲೆಗೆ ರಜೆ ಬಂದಾಗ ಎಲ್ಲರಿಗೂ ಮಡಿಕೇರಿಯೇ ಬೇಕು, ಅಲ್ವಾ? ದಸರಾ ರಜೆಗೆ ಮೂರು ತಿಂಗಳ ಮುಂಚೆ ಕೇಳಿದರೂ ನಮಗೆ ವೇಟಿಂಗ್ ಲಿಸ್ಟೇ ಬಂತು. ಜುಲೈ ಮಳೆಯಲ್ಲಿ ಕೇಳಿದ ಕೂಡಲೇ ಸಿಕ್ಕಿತು. ನೀವು ಕೊಂಡ ಸೀಸನ್ ಯಾವುದು, ಅಂದರೆ ವರ್ಷದ ಯಾವ ಕಾಲಕ್ಕೆ ತಂಗುವ ಹಕ್ಕು ಕೊಂಡಿದ್ದೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಫಾರಿನ್ ವಿಷಯ ಸುಳ್ಳಲ್ಲ. ಆರ್‌ಸಿಐ ಅನ್ನುವ ಎಕ್ಸ್‌ಚೇಂಜ್ ಸಂಸ್ಥೆ 1974ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ನಿಮ್ಮ ರೆಸಾರ್ಟ್ ಅಂಥ ಸಂಸ್ಥೆಯ ಜೊತೆ ಸೇರಿದ್ದರೆ, ನಿಮ್ಮ ವಾರವನ್ನು ಅವರ ಬಳಿ ಡೆಪಾಸಿಟ್ ಮಾಡಿ ಬೇರೆಯವರು ಇಟ್ಟ ವಾರ ತಗೊಳ್ಳಬಹುದು. ಅವರ ಮನೆ ಇವರಿಗೆ, ಇವರ ಮನೆ ಅವರಿಗೆ ಅಂತ ನೇರ ಅದಲು ಬದಲು ಅಲ್ಲ. ಎಲ್ಲರೂ ಒಂದೇ ಕಣಜಕ್ಕೆ ಹಾಕುತ್ತಾರೆ. ಸೀಸನ್, ರೂಮಿನ ಅಳತೆ, ಎಷ್ಟು ಮುಂಚೆ ಇಟ್ಟಿರಿ, ಇವನ್ನೆಲ್ಲ ನೋಡಿ ನಿಮ್ಮ ವಾರಕ್ಕೆ ಬೆಲೆ ಕಟ್ಟುತ್ತಾರೆ. ಮಳೆಗಾಲದ ಸ್ಟುಡಿಯೋ ರೂಮ್ ಇಟ್ಟು ಕ್ರಿಸ್‌ಮಸ್‌ಗೆ ಎರಡು ಬೆಡ್‌ರೂಮ್ ಕೇಳಿದರೆ ಸಿಗುವುದು ಕಷ್ಟ. ಪ್ರತಿ ಸಲ ಎಕ್ಸ್‌ಚೇಂಜ್ ಫೀ ಬೇರೆ ಇರುತ್ತದೆ. ವಿಮಾನ, ವೀಸಾ ಖರ್ಚೂ ನಿಮ್ಮದೇ.

ಭಾನುವಾರ ಹೋಗಿಬನ್ನಿ, ತಪ್ಪಿಲ್ಲ. ಆದರೆ ಕಾರ್ಡ್, ಚೆಕ್‌ಬುಕ್ ಮನೆಯಲ್ಲಿಟ್ಟು ಹೋಗಿ. "ಈ ರೇಟು ಇವತ್ತಿಗೆ ಮಾತ್ರ" ಅಂದೇ ಅನ್ನುತ್ತಾರೆ. ಒಪ್ಪಂದದ ಪ್ರತಿ ಕೊಡಿ, ಓದಿ ಹೇಳುತ್ತೇನೆ ಅನ್ನಿ. ಅದರಲ್ಲಿ ಸದಸ್ಯತ್ವ ರದ್ದು ಮಾಡಲು ಎಷ್ಟು ದಿನ ಕೊಟ್ಟಿದ್ದಾರೆ, ಶುಲ್ಕ ಏರಿಸಲು ಮಿತಿ ಇದೆಯಾ ಅಂತ ಮೊದಲು ಹುಡುಕಿ. ಅರ್ಥವಾಗದ ಸಾಲಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ನನ್ನ ಒಪ್ಪಂದ ತೆಗೆದು ನೋಡಿ ಹೇಳುತ್ತೇನೆ.