ನೂರೈವತ್ತು ಫೈಲು, ಒಂದು ಡಬಲ್ ಕ್ಲಿಕ್

ಪ್ರಶ್ನೆ: ಸರ್, ನನಗೆ ಒಂದರಿಂದ 150ರವರೆಗೆ ನಂಬರ್ ಇರುವ ಖಾಲಿ ಟೆಕ್ಸ್ಟ್ ಫೈಲುಗಳು ಬೇಕು. ಕೈಯಿಂದ ಮಾಡಲು ಹೋಗಿ ಇಪ್ಪತ್ತಕ್ಕೇ ಸುಸ್ತಾದೆ. ವಿಂಡೋಸ್‌ನಲ್ಲಿ ಬೇರೇನೂ ಇನ್‌ಸ್ಟಾಲ್ ಮಾಡದೆ ಆಗುತ್ತಾ?

ಉತ್ತರ: ಆಗುತ್ತೆ. ಇಪ್ಪತ್ತರ ತನಕ ಹೋಗಿದ್ದೇ ದೊಡ್ಡದು ಬಿಡಿ. ನೋಟ್‌ಪ್ಯಾಡ್ ತೆರೆದು ಒಂದೇ ಸಾಲು ಬರೆಯಿರಿ. ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಕೊಟ್ಟಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು:

ಫಾರ್ /ಎಲ್ %%ಐ ಇನ್ (1,1,150) ಡು ಟೈಪ್ ನಲ್ > ಪೇಜ್%%ಐ.ಟಿಎಕ್ಸ್‌ಟಿ

ಬ್ರಾಕೆಟ್ಟಿನಲ್ಲಿ ಮೊದಲನೆಯದು ಎಲ್ಲಿಂದ ಶುರು, ನಡುವಿನದು ಎಷ್ಟೆಷ್ಟು ಜಿಗಿಯಬೇಕು, ಕೊನೆಯದು ಎಲ್ಲಿ ನಿಲ್ಲಬೇಕು. 'ನಲ್' ಅಂದರೆ ಏನೂ ಇಲ್ಲದ್ದು, ಅದನ್ನು ಫೈಲಿಗೆ ಸುರಿದರೆ ಸೊನ್ನೆ ಬೈಟಿನ ಫೈಲು ಸಿಗುತ್ತದೆ. ಬ್ಯಾಚ್ ಫೈಲಿನೊಳಗೆ (ಡಬಲ್ ಕ್ಲಿಕ್ ಮಾಡಿದರೆ ಒಳಗಿನ ಆಜ್ಞೆಗಳೆಲ್ಲ ಓಡುವ ಡಾಟ್ ಬ್ಯಾಟ್ ಫೈಲು) ಎರಡು ಪರ್ಸೆಂಟ್ ಚಿಹ್ನೆ, ಅದೇ ಸಾಲನ್ನು ನೇರವಾಗಿ ಆಜ್ಞೆ ಹೊಡೆಯುವ ಕಪ್ಪು ಕಿಟಕಿಯಾದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೊಡೆದರೆ ಒಂದೇ. ಅರ್ಧ ಜನ ಎಡವುವುದು ಇಲ್ಲೇ. ಇನ್ನರ್ಧ ಜನ ಸೇವ್ ಮಾಡುವಾಗ: 'ಆಲ್ ಫೈಲ್ಸ್' ಆರಿಸಿ ಹೆಸರಿನ ಕೊನೆಗೆ ಡಾಟ್ ಬ್ಯಾಟ್ ಹಾಕದಿದ್ದರೆ ನೋಟ್‌ಪ್ಯಾಡ್ ಹಿಂದೆ ಇನ್ನೊಂದು ಡಾಟ್ ಟಿಎಕ್ಸ್‌ಟಿ ಅಂಟಿಸುತ್ತದೆ, ವಿಂಡೋಸ್ ಅದನ್ನು ಬಚ್ಚಿಡುತ್ತದೆ, ನೀವು ಡಬಲ್ ಕ್ಲಿಕ್ ಮಾಡಿದರೆ ಮತ್ತೆ ನೋಟ್‌ಪ್ಯಾಡೇ ತೆರೆಯುತ್ತದೆ.

ಆದರೆ ಈ ಸಾಲು ಇದ್ದ ಹಾಗೇ ಬಳಸಿ ಅಂತ ನಾನು ಹೇಳಲ್ಲ. ಒಂದು, 1 ಆದಮೇಲೆ 10, 100 ಬಂದು ಆಮೇಲೆ 2 ಬರುವ ಕಾಟ. ಎಕ್ಸ್‌ಪ್ಲೋರರ್ ಕಿಟಕಿಯಲ್ಲಿ ನಂಬರಿನ ಕ್ರಮದಲ್ಲೇ ಕಾಣುತ್ತವೆ, ಆದರೆ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸುವ ಬೇರೆ ಪ್ರೋಗ್ರಾಂಗಳಲ್ಲಿ ಕ್ರಮ ಕೆಡುತ್ತದೆ. ಅದಕ್ಕೆ 001, 002 ಅಂತಲೇ ಮಾಡಿ. ಎರಡು, ಈ ಸಾಲು ಎರಡನೇ ಸಲ ಓಡಿದರೆ ಒಂದು ಮಾತೂ ಕೇಳದೆ ಎಲ್ಲಾ ಫೈಲನ್ನೂ ಮತ್ತೆ ಖಾಲಿ ಮಾಡುತ್ತದೆ. ನಲವತ್ತು ಫೈಲಿನಷ್ಟು ಟಿಪ್ಪಣಿ ಬರೆದು, ಯಾವುದೋ ಯೋಚನೆಯಲ್ಲಿ ಅದೇ ಬ್ಯಾಚ್ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ತಲೆ ಮೇಲೆ ಕೈ ಹೊತ್ತು ಕೂತವನು ನಾನು. ಎರಡಕ್ಕೂ ಸೇರಿಸಿ ಹೀಗೆ ಬರೆಯಿರಿ:

@ಎಕೋ ಆಫ್
ಸೆಟ್‌ಲೋಕಲ್ ಎನೇಬಲ್‌ಡಿಲೇಡ್‌ಎಕ್ಸ್‌ಪಾನ್ಶನ್
ಸಿಡಿ /ಡಿ "%~ಡಿಪಿ0"
ಫಾರ್ /ಎಲ್ %%ಐ ಇನ್ (1,1,150) ಡು (
ಸೆಟ್ /ಎ ಎನ್=1000+%%ಐ
ಸೆಟ್ ಎಫ್=ಪೇಜ್_!ಎನ್:~-3!.ಟಿಎಕ್ಸ್‌ಟಿ
ಇಫ್ ನಾಟ್ ಎಕ್ಸಿಸ್ಟ್ !ಎಫ್! ಟೈಪ್ ನಲ್ > !ಎಫ್!
)

ಸಾವಿರ ಕೂಡಿಸಿ ಕೊನೆಯ ಮೂರು ಅಂಕಿ ಕತ್ತರಿಸಿಕೊಳ್ಳುವುದೇ ಇದರ ಗುಟ್ಟು. 7 ಅನ್ನುವುದು 1007 ಆಗಿ ಕೊನೆಗೆ 007 ಉಳಿಯುತ್ತದೆ. ಪರ್ಸೆಂಟ್ ಬಿಟ್ಟು ಆಶ್ಚರ್ಯಸೂಚಕ ಯಾಕೆ ಅಂದ್ರೆ, ಬ್ರಾಕೆಟ್ಟಿನೊಳಗಿನದನ್ನೆಲ್ಲ ವಿಂಡೋಸ್ ಒಂದೇ ಸಲ ಓದಿ, ಪರ್ಸೆಂಟ್ ನಡುವೆ ಇರುವ ಹೆಸರಿಗೆ ಆ ಕ್ಷಣದಲ್ಲಿದ್ದ ಬೆಲೆಯನ್ನೇ ತುಂಬಿಬಿಡುತ್ತದೆ, ಲೂಪು ಎಷ್ಟು ಸುತ್ತು ಹೊಡೆದರೂ ಅದು ಬದಲಾಗಲ್ಲ. ಆಶ್ಚರ್ಯಸೂಚಕ ಹಾಕಿದರೆ ಪ್ರತಿ ಸುತ್ತಿನಲ್ಲೂ ಹೊಸದಾಗಿ ನೋಡುತ್ತದೆ. ಮೂರನೇ ಸಾಲು ಬೇಕಾ ಅಂತ ಅನಿಸಬಹುದು. ಬೇಕು. ಬ್ಯಾಚ್ ಫೈಲನ್ನು 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಅಂತ ಓಡಿಸಿದರೆ ಅದು ತಾನಿರುವ ಫೋಲ್ಡರ್ ಬಿಟ್ಟು ಸಿಸ್ಟಮ್32ನಲ್ಲಿ ಕೂತಿರುತ್ತದೆ, ನಿಮ್ಮ 150 ಫೈಲೂ ಅಲ್ಲಿ ಹೋಗಿ ಬೀಳುತ್ತವೆ. ಮೊದಲು 150ರ ಜಾಗದಲ್ಲಿ 3 ಹಾಕಿ ಓಡಿಸಿ ನೋಡಿ.

ಪ್ರಶ್ನೆ: ನಾನು ಗೋಟು (ಬೇರೆ ಸಾಲಿಗೆ ಜಿಗಿಸುವ ಆಜ್ಞೆ) ಬಳಸಿ ಲೂಪು ಮಾಡಿ, ಪ್ರತಿ ಫೈಲಿನೊಳಗೆ ಅದರ ನಂಬರ್ ಬರೆಯಲು 'ಎಕೋ %ಎನ್%>ಪೇಜ್%ಎನ್%.ಟಿಎಕ್ಸ್‌ಟಿ' ಅಂತ ಹಾಕಿದೆ. ಮೊದಲ ಫೈಲಿನಲ್ಲಿ 'ಎಕೋ ಈಸ್ ಆಫ್' ಅಂತ ಬಂದಿದೆ, 2ರಿಂದ 9 ಖಾಲಿ, 10ರಿಂದ ಎಲ್ಲಾ ಸರಿ! ಕಂಪ್ಯೂಟರ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ಇಷ್ಟು ಒಳ್ಳೆ ಪ್ರಶ್ನೆ ಬಹಳ ದಿನದಿಂದ ಬಂದಿರಲಿಲ್ಲ. ಬಾಣದ ಗುರುತಿಗೆ ಅಂಟಿಕೊಂಡು ಒಂಟಿ ಅಂಕಿ ಬಂದರೆ ವಿಂಡೋಸ್ ಅದನ್ನು ನಿಮ್ಮ ಮಾತು ಅಂತ ತಿಳಿಯಲ್ಲ, ಯಾವ ಕೊಳವೆಯನ್ನು ಫೈಲಿಗೆ ತಿರುಗಿಸಬೇಕು ಅಂತ ತಿಳಿಯುತ್ತದೆ. 1 ಅಂದರೆ ಮಾಮೂಲಿ ಔಟ್‌ಪುಟ್, 2 ಅಂದರೆ ತಪ್ಪಿನ ಸಂದೇಶ. 1ನ್ನು ಅದು ನುಂಗಿಕೊಂಡ ಮೇಲೆ ಉಳಿಯುವುದು ಬರೀ 'ಎಕೋ'. ಬರೀ ಎಕೋಗೆ ವಿಂಡೋಸ್ ಎಕೋ ಆನ್ ಇದೆಯಾ ಆಫ್ ಇದೆಯಾ ಅಂತ ಹೇಳುತ್ತದೆ, ಅದೇ ನಿಮ್ಮ ಮೊದಲ ಫೈಲಿಗೆ ಹೋಗಿದೆ. 2ರಿಂದ ಮುಂದೆ ಅದೇ ಮಾತು ಸ್ಕ್ರೀನಿನ ಮೇಲೆ ಬಂದು ಹೋಗಿರುತ್ತದೆ, ನೀವು ಗಮನಿಸಿಲ್ಲ ಅಷ್ಟೆ. 10ರಲ್ಲಿ ಎರಡು ಅಂಕಿ ಇರುವುದರಿಂದ ಅದು ಕೊಳವೆಯ ನಂಬರ್ ಅಲ್ಲ ಅಂತ ಬಿಟ್ಟುಬಿಡುತ್ತದೆ. ಬಾಣವನ್ನು ಮುಂದಕ್ಕೆ ತನ್ನಿ: '>ಪೇಜ್%ಎನ್%.ಟಿಎಕ್ಸ್‌ಟಿ ಎಕೋ %ಎನ್%'. ನೋಡಲು ತಲೆಕೆಳಗಾದ ಹಾಗಿದೆ, ಅಲ್ವಾ? ಕೆಲಸ ಮಾತ್ರ ಸರಿಯಾಗಿ ಮಾಡುತ್ತೆ.

ಪ್ರಶ್ನೆ: ಕೊನೆಯ ಫೈಲಿನ ನಂಬರ್ ತೆಗೆದು ಅದಕ್ಕೆ ಒಂದು ಕೂಡಿಸಿ ಹೊಸ ಫೈಲು ಮಾಡುವ ಸ್ಕ್ರಿಪ್ಟ್ ಇದೆ. 007ರವರೆಗೆ ಚೆನ್ನಾಗಿತ್ತು, 008ಕ್ಕೆ 'ಇನ್‌ವ್ಯಾಲಿಡ್ ನಂಬರ್' ಅನ್ನುತ್ತಿದೆ.

ಉತ್ತರ: ಸೆಟ್ /ಎ ಲೆಕ್ಕದಲ್ಲಿ ಸೊನ್ನೆಯಿಂದ ಶುರುವಾದ ನಂಬರ್ ಅಂದರೆ ಎಂಟರ ಲೆಕ್ಕ. ಆ ಲೆಕ್ಕದಲ್ಲಿ 8, 9 ಅನ್ನುವ ಅಂಕಿಗಳೇ ಇಲ್ಲ. ತಪ್ಪು ತೋರಿಸಿದ್ದು ನಿಮ್ಮ ಪುಣ್ಯ, 010 ಕೊಟ್ಟಿದ್ದರೆ ಚಕಾರ ಎತ್ತದೆ ಅದನ್ನು 8 ಅಂತ ಓದಿ 9 ಅಂತ ಉತ್ತರ ಕೊಡುತ್ತಿತ್ತು. ಮುಂದೆ ಒಂದು 1 ಅಂಟಿಸಿ ಸಾವಿರ ಕಳೆಯಿರಿ: 'ಸೆಟ್ /ಎ ಎನ್=1%ಕೆ%-1000+1' (ಇಲ್ಲಿ 'ಕೆ' ಅಂದರೆ ನಿಮ್ಮ ಕೊನೆಯ ಫೈಲಿನ ನಂಬರ್). 008 ಈಗ 1008, ಸಾವಿರ ಕಳೆದು ಒಂದು ಕೂಡಿಸಿದರೆ 9.

ಪ್ರಶ್ನೆ: ಎಲ್ಲಾ ಫೈಲಿನಲ್ಲೂ ಕನ್ನಡದ ಹತ್ತು ಸಾಲು ಇರಬೇಕು. ಎಕೋ ಹಾಕಿದರೆ ಅಕ್ಷರ ಚೆಲ್ಲಾಪಿಲ್ಲಿ.

ಉತ್ತರ: ಎಕೋ ಸಹವಾಸ ಬಿಡಿ. ಹತ್ತು ಸಾಲನ್ನು ಒಂದು ಮಾದರಿ ಫೈಲಿನಲ್ಲಿ ಬರೆದು ಯುಟಿಎಫ್-8ನಲ್ಲಿ (ಕನ್ನಡ ಅಕ್ಷರವನ್ನು ಕೆಡಿಸದೆ ಉಳಿಸುವ ಎನ್‌ಕೋಡಿಂಗ್) ಸೇವ್ ಮಾಡಿ, ಮೇಲಿನ ಲೂಪಿನಲ್ಲಿ 'ಟೈಪ್ ನಲ್ > !ಎಫ್!' ತೆಗೆದು ಆ ಮಾದರಿಯನ್ನು !ಎಫ್! ಹೆಸರಿಗೆ ಕಾಪಿ ಮಾಡಿ. ಕಾಪಿ ಅಕ್ಷರ ಓದಲು ಹೋಗಲ್ಲ, ಬೈಟುಗಳನ್ನು ಇದ್ದ ಹಾಗೇ ಸಾಗಿಸುತ್ತದೆ. ಮಾದರಿಯ ಹೆಸರು ಮಾತ್ರ ಇಂಗ್ಲಿಷಿನಲ್ಲಿರಲಿ. 'ಇಫ್ ನಾಟ್ ಎಕ್ಸಿಸ್ಟ್' ಅಳಿಸಬೇಡಿ, ಯಾಕಂದ್ರೆ ಪ್ರಾಂಪ್ಟ್‌ನಲ್ಲಿ 'ಹಳೆಯದರ ಮೇಲೆ ಬರೆಯಲಾ' ಅಂತ ಕೇಳುವ ಕಾಪಿ, ಬ್ಯಾಚ್ ಫೈಲಿನೊಳಗೆ ಸುಮ್ನೆ ಬರೆದುಬಿಡುತ್ತದೆ.